ಕಣಿವೆಯ ವಿಷ: ಎತ್ತರದ ಬೇನೆಯ ಚರಿತ್ರೆ



ಜೋಯಿಡಾದಿಂದ ಕಾರವಾರದ ಕಡೆಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದರೆ ಈ ಅನುಭವ ನಿಮಗಾಗಿರಬಹುದು. ಅಣಶಿ ಘಟ್ಟದ ತಿರುವುಗಳಲ್ಲಿ ಬಸ್ಸು ಇಳಿಯುತ್ತಿದ್ದಂತೆ ಕಿವಿ ಮುಚ್ಚಿಕೊಂಡಂತಾಗುತ್ತದೆ. ಪಕ್ಕದಲ್ಲಿ ಕುಳಿತವರ ಮಾತು ಎಲ್ಲೋ ದೂರದಿಂದ ಬಂದಂತೆ ಕೇಳುತ್ತದೆ. ಒಮ್ಮೆ ಉಗುಳು ನುಂಗಿದರೆ ಕಿವಿ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಘಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ, ಕೆಳಗೆ ಹೆಚ್ಚು. ಆ ವ್ಯತ್ಯಾಸವನ್ನು ಕಿವಿ ಕೂಡಲೇ ನಮಗೆ ತಿಳಿಸಿಬಿಡುತ್ತದೆ.

ಕೆಲವೇ ನೂರು ಮೀಟರುಗಳ ಇಳಿತವನ್ನು ಕಿವಿ ಹೀಗೆ ಗುರುತಿಸುವುದಾದರೆ, ಮೂರು ನಾಲ್ಕು ಸಾವಿರ ಮೀಟರ್ ಏರಿದಾಗ ದೇಹದ ಒಳಗೆ ಏನಾಗಬಹುದು? ಅಲ್ಲಿ ಎಲ್ಲಕ್ಕಿಂತ ಮೊದಲು ಕಷ್ಟಕ್ಕೆ ಸಿಲುಕುವ ಅಂಗಗಳಲ್ಲಿ ಮಿದುಳೂ ಒಂದು. ಆದರೆ ಕಿವಿ ತನ್ನ ಕಷ್ಟವನ್ನು ಹೇಳಿಕೊಳ್ಳುವ ಹಾಗೆ ಮಿದುಳು ಹೇಳಿಕೊಳ್ಳುವುದಿಲ್ಲ. ತನಗೆ ಏನೂ ಆಗಿಲ್ಲವೆಂದೇ ಅದು ವಾದಿಸುತ್ತದೆ. ಈ ವಿಚಿತ್ರವನ್ನು ಮನುಷ್ಯ ಅರಿತುಕೊಂಡದ್ದು ಹೇಗೆ, ಅದಕ್ಕೆ ಎಷ್ಟು ಬೆಲೆ ತೆತ್ತ ಎಂಬುದೇ ಇಲ್ಲಿಯ ಕಥೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳು ಸಮುದ್ರ ಮಟ್ಟದಿಂದ ಸುಮಾರು ಐನೂರು ಆರುನೂರು ಮೀಟರ್ ಎತ್ತರದಲ್ಲಿರುವ ಊರುಗಳು. ಇಲ್ಲಿ ಎತ್ತರದ ಬೇನೆ ಯಾರಿಗೂ ಬರುವುದಿಲ್ಲ. ಹಾಗಿದ್ದರೂ ಕಥೆಯನ್ನು ಇಲ್ಲಿಂದಲೇ ಆರಂಭಿಸಲು ಒಂದು ಕಾರಣವಿದೆ. ಜಗತ್ತಿನ ಅತ್ಯಂತ ಎತ್ತರದ ನಾಡಿನಿಂದ ಇಳಿದು ಬಂದ ಜನ ಮುಂಡಗೋಡದಲ್ಲಿ ನಮ್ಮ ನೆರೆಯವರಾಗಿ ಬದುಕುತ್ತಿದ್ದಾರೆ.

ಮುಂಡಗೋಡಕ್ಕೆ ಬಂದವರು

1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅವರಿಗೆ ನೆಲೆ ಕೊಡಲು ಮುಂದಾದ ರಾಜ್ಯಗಳಲ್ಲಿ ಆಗಿನ ಮೈಸೂರು ರಾಜ್ಯ ಪ್ರಮುಖವಾದುದು. ಮೊದಲು ಬೈಲಕುಪ್ಪೆ, ಬಳಿಕ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡದ ವಸಾಹತು ಆರಂಭವಾಯಿತು. ಲಾಸಾ ನಗರದ ಬಳಿಯ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಹೆಸರಾಂತ ಮಠಗಳ ಭಿಕ್ಷುಗಳು ಹತ್ತು ವರ್ಷ ಬಂಗಾಳದ ಬಕ್ಸಾ ಎಂಬಲ್ಲಿದ್ದ ಹಳೆಯ ಸೆರೆಮನೆ ಶಿಬಿರದಲ್ಲಿ ಕಳೆದು, ಕ್ಷಯರೋಗಕ್ಕೆ ಅನೇಕರನ್ನು ಕಳೆದುಕೊಂಡು, 1969ರ ಸುಮಾರಿಗೆ ಇಲ್ಲಿಗೆ ಬಂದರು. ಕಾಡಿನ ಅಂಚಿನಲ್ಲಿ ಆ ಮಠಗಳು ಮತ್ತೆ ತಲೆಯೆತ್ತಿದವು.

ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರ ದಂಡೆಯಲ್ಲಿ ಇರುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ. ನಮ್ಮಲ್ಲಿಯ ಒಬ್ಬರು ವಿಮಾನದಲ್ಲಿ ಹೋಗಿ ಅಲ್ಲಿ ಇಳಿದರೆ ಮೊದಲ ದಿನವೇ ತಲೆನೋವು, ವಾಕರಿಕೆ ಶುರುವಾಗುವ ಸಂಭವ ಹೆಚ್ಚು. ಅಲ್ಲಿಯವರೋ ತಲೆಮಾರುಗಳಿಂದ ಅಲ್ಲೇ ಹೊಲ ಉತ್ತು, ಯಾಕ್ ಮೇಯಿಸಿ ಬದುಕಿದವರು. ಆದರೂ ಇನ್ನೂ ಎತ್ತರದ ಕಣಿವೆಗಳನ್ನು ದಾಟುವಾಗ ಬರುವ ಕಷ್ಟ ಅವರಿಗೂ ಗೊತ್ತಿತ್ತು. ಟಿಬೆಟನ್ ಭಾಷೆಯಲ್ಲಿ ಅದಕ್ಕೆ 'ಲಾದುಗ್' ಎಂಬ ಹಳೆಯ ಮಾತಿದೆ. 'ಲಾ' ಎಂದರೆ ಬೆಟ್ಟದ ಸಾಲನ್ನು ದಾಟುವ ಕಣಿವೆದಾರಿ, 'ದುಗ್' ಎಂದರೆ ವಿಷ. ಕಣಿವೆಯ ವಿಷ! ಹಿಮಾಲಯದ ಈಚೆಗಿನ ಜನರೂ 'ವಿಷದ ಗಾಳಿ' ಎಂದು ಕರೆಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗರು ಬರೆದಿಟ್ಟಿದ್ದಾರೆ. ಗಿಡಮೂಲಿಕೆಗಳ ಘಾಟು ಗಾಳಿಯನ್ನು ಕೆಡಿಸುತ್ತದೆಂದು ಹಲವರು ನಂಬಿದ್ದರು. ಕ್ರಿ.ಪೂ. ಮೊದಲ ಶತಮಾನದ ಒಬ್ಬ ಚೀನೀ ಅಧಿಕಾರಿಯಂತೂ ಪಶ್ಚಿಮದ ದಾರಿಯಲ್ಲಿ 'ದೊಡ್ಡ ತಲೆನೋವಿನ ಬೆಟ್ಟ', 'ಚಿಕ್ಕ ತಲೆನೋವಿನ ಬೆಟ್ಟ' ಎಂಬ ಹೆಸರಿನ ಜಾಗಗಳಿವೆಯೆಂದು ದಾಖಲಿಸಿದ್ದ.

ಈ ಹೆಸರುಗಳನ್ನು ಮೂಢನಂಬಿಕೆ ಎಂದು ನಗಬೇಡಿ. ನಮ್ಮ ಹಿರಿಯರು ಲಕ್ಷಣವನ್ನು ಸರಿಯಾಗಿಯೇ ಕಂಡಿದ್ದರು. ಅವರಿಗೆ ಸಿಗದೆ ಹೋದದ್ದು ಕಾರಣ ಮಾತ್ರ.

ಕಾರಣದ ಹುಡುಕಾಟ

ಕಾರಣದ ಹತ್ತಿರ ಮೊದಲು ಬಂದವರಲ್ಲಿ ಹೊಸೆ ದೆ ಅಕೋಸ್ತಾ ಎಂಬ ಸ್ಪೇನಿನ ಪಾದ್ರಿಯೂ ಒಬ್ಬ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಪರಿಯಕಾಕಾ ಎಂಬ ಎತ್ತರದ ಬೆಟ್ಟದ ದಾರಿಯಲ್ಲಿ ಆತ ವಾಂತಿ ಮಾಡಿ ಮಾಡಿ ಸಾಯುವಂತಾದ. 1590ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಅಲ್ಲಿಯ ಗಾಳಿ ಮನುಷ್ಯನ ಉಸಿರಾಟಕ್ಕೆ ಒಗ್ಗದಷ್ಟು ತೆಳುವಾದುದು ಎಂದು ಆತ ಊಹಿಸಿ ಬರೆದ. ಗಾಳಿಗೆ ತೂಕವಿದೆ ಎಂಬುದೇ ಇನ್ನೂ ಸಿದ್ಧವಾಗಿರದ ಕಾಲದ ಊಹೆ ಅದು.

ಅರ್ಧ ಶತಮಾನದ ಬಳಿಕ ಇಟಲಿಯ ಟಾರಿಚೆಲ್ಲಿ ಪಾದರಸದ ವಾಯುಭಾರ ಮಾಪಕವನ್ನು ರೂಪಿಸಿದ. 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ತನ್ನ ಭಾವನಾದ ಪೆರಿಯೆಗೆ ಆ ಮಾಪಕವನ್ನು ಪುಯ್ ದೆ ದೋಮ್ ಎಂಬ ಬೆಟ್ಟದ ಮೇಲೆ ಒಯ್ಯಲು ಹೇಳಿದ. ಬೆಟ್ಟದ ಬುಡದಲ್ಲಿ ಇದ್ದುದಕ್ಕಿಂತ ತುದಿಯಲ್ಲಿ ಪಾದರಸದ ಮಟ್ಟ ಸುಮಾರು ಎಂಟು ಸೆಂಟಿಮೀಟರ್ ತಗ್ಗಿತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಇಲ್ಲಿ ಒಂದು ಅಂಶವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ದಾಂಡೇಲಿಯಲ್ಲಿಯೂ ಎವರೆಸ್ಟಿನ ತುದಿಯಲ್ಲಿಯೂ ಅದು ಶೇಕಡಾ 21ರಷ್ಟೇ. ಕಡಿಮೆಯಾಗುವುದು ಒಟ್ಟು ಒತ್ತಡ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಸುಮಾರು 5,500 ಮೀಟರ್ ಎತ್ತರದಲ್ಲಿ ಅದರ ಅರ್ಧಕ್ಕೆ, ಎವರೆಸ್ಟಿನ ತುದಿಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಮ್ಲಜನಕವನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವುದು ಈ ಒತ್ತಡವೇ. ಅದು ತಗ್ಗಿದರೆ ಪ್ರತಿ ಉಸಿರಿನಲ್ಲೂ ರಕ್ತಕ್ಕೆ ಸೇರುವ ಆಮ್ಲಜನಕ ತಗ್ಗುತ್ತದೆ.

ಇದನ್ನು ಪ್ರಯೋಗದಿಂದ ತೋರಿಸಿದವನು ಪ್ಯಾರಿಸಿನ ಶರೀರಶಾಸ್ತ್ರಜ್ಞ ಪಾಲ್ ಬರ್ಟ್. ಗಾಳಿಯನ್ನು ಹೊರಗೆಳೆದು ಒತ್ತಡ ತಗ್ಗಿಸಬಲ್ಲ ಲೋಹದ ಕೊಠಡಿಗಳನ್ನು ಕಟ್ಟಿಸಿ, ಹಕ್ಕಿಗಳನ್ನೂ ಬಳಿಕ ತನ್ನನ್ನೇ ಪ್ರಯೋಗಕ್ಕೆ ಒಡ್ಡಿದ. ತಲೆ ಸುತ್ತಿ ಬಂದಾಗ ಆಮ್ಲಜನಕ ಉಸಿರಾಡಿದರೆ ಕೂಡಲೇ ಚೇತರಿಕೆಯಾಗುತ್ತಿತ್ತು. ಬೇನೆಯ ಮೂಲ ಆಮ್ಲಜನಕದ ಕೊರತೆ ಎಂದು ಆತ ತೀರ್ಮಾನಿಸಿದ. 1878ರಲ್ಲಿ ಬಂದ ಅವನ ಬೃಹತ್ ಗ್ರಂಥ ಇಂದಿಗೂ ಈ ಶಾಸ್ತ್ರದ ತಳಹದಿ.

ನಗುನಗುತ್ತಲೇ ಸತ್ತವರು

ಆ ಗ್ರಂಥ ಬರುವ ಮೂರು ವರ್ಷ ಮೊದಲು ಒಂದು ದುರಂತ ನಡೆಯಿತು. 1875ರ ಏಪ್ರಿಲ್ 15ರಂದು ಫ್ರಾನ್ಸಿನ ಮೂವರು 'ಜೆನಿತ್' ಎಂಬ ಬಲೂನಿನಲ್ಲಿ ಆಕಾಶಕ್ಕೇರಿದರು. ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಮತ್ತು ಗ್ಯಾಸ್ಟನ್ ತಿಸಾಂದಿಯೆ ಅವರ ಹೆಸರು. ಮೊದಲ ಇಬ್ಬರು ಬರ್ಟನ ಕೊಠಡಿಯಲ್ಲಿ ಕುಳಿತು ಅನುಭವ ಪಡೆದವರು. ಚೀಲಗಳಲ್ಲಿ ಆಮ್ಲಜನಕವೂ ಇತ್ತು. ಅದು ಸಾಲದೆಂದು ಬರ್ಟ್ ಎಚ್ಚರಿಸಿದ್ದ. ಹಾಗಾಗಿ ತೀರ ಅಗತ್ಯವಾದಾಗ ಮಾತ್ರ ಅದನ್ನು ಬಳಸುವುದೆಂದು ಅವರು ನಿಶ್ಚಯಿಸಿದರು.

ಆ ಅಗತ್ಯದ ಗಳಿಗೆ ಬಂದಾಗ ಅದು ಬಂತೆಂದು ತಿಳಿಯುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಬಲೂನು ಸುಮಾರು 8,600 ಮೀಟರ್ ಮುಟ್ಟಿತು. ಕೆಳಗಿಳಿದಾಗ ಇಬ್ಬರು ಶವವಾಗಿದ್ದರು. ಬದುಕುಳಿದ ತಿಸಾಂದಿಯೆ ಕಿವುಡನಾದ. ಅವನು ನೆನಪಿಸಿಕೊಂಡು ಬರೆದದ್ದು ಭಯದ ಮಾತಲ್ಲ. ನೋವಿರಲಿಲ್ಲ, ಮನಸ್ಸಿನಲ್ಲಿ ಒಂದು ಬಗೆಯ ಆನಂದ ತುಂಬಿತ್ತು, ಅಪಾಯದ ಯೋಚನೆಯೇ ಬರಲಿಲ್ಲ. ಆಮ್ಲಜನಕದ ನಳಿಗೆ ಕೈಗೆ ಎಟುಕುವಂತಿದ್ದರೂ ತೋಳು ಎತ್ತಲಾಗಲಿಲ್ಲ.

ಈ ಪ್ರಸಂಗವನ್ನು ಮರೆಯಬೇಡಿ. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2 ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಕೊರತೆಯಾದಾಗ ಮೊದಲು ಮಂಕಾಗುವುದು ವಿವೇಚನೆ. ಅಳೆಯುವ ತಕ್ಕಡಿಯೇ ಕೆಟ್ಟ ಮೇಲೆ ತೂಕ ತಪ್ಪಿದೆಯೆಂದು ಹೇಳುವವರು ಯಾರು?

ಈ ಪಾಠವನ್ನು ಇಂದು ನಮ್ಮ ಬೆಂಗಳೂರಿನಲ್ಲೇ ಕಲಿಸಲಾಗುತ್ತದೆ. ಭಾರತೀಯ ವಾಯುಪಡೆಯ ವಾಯು-ಅಂತರಿಕ್ಷ ವೈದ್ಯಕೀಯ ಸಂಸ್ಥೆ 1957ರಲ್ಲಿ ಅಲ್ಲಿ ಆರಂಭವಾಯಿತು. ಒತ್ತಡ ತಗ್ಗಿಸಿದ ಕೊಠಡಿಯಲ್ಲಿ ವಿಮಾನ ಚಾಲಕರನ್ನು ಕೂರಿಸಿ, ಆಮ್ಲಜನಕ ಕಡಿಮೆಯಾದಾಗ ತಮಗೆ ಏನಾಗುತ್ತದೆಂದು ಅವರೇ ಕಂಡುಕೊಳ್ಳುವಂತೆ ಮಾಡುತ್ತಾರೆ. ಇಂಥ ತರಬೇತಿಗಳಲ್ಲಿ ಸುಲಭದ ಲೆಕ್ಕ ಮಾಡಲು, ಹೆಸರು ಬರೆಯಲು ಹೇಳುವುದುಂಟು. ಅಕ್ಷರಗಳು ಸೊಟ್ಟಗಾಗುತ್ತವೆ, ಲೆಕ್ಕ ತಪ್ಪುತ್ತದೆ. ಬರೆದವನಿಗೆ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತಿರುತ್ತದೆ!

ಬೆಟ್ಟದ ಮೇಲಿನ ಸೈನಿಕರು

ಬಲೂನಿನಲ್ಲಿ ಕೆಲವೇ ನಿಮಿಷಗಳಲ್ಲಿ ಆಗುವುದು ಬೆಟ್ಟದಲ್ಲಿ ಗಂಟೆ, ದಿನಗಳಲ್ಲಿ ಬೇರೆ ರೀತಿಯಲ್ಲಿ ಆಗುತ್ತದೆ. 1913ರಲ್ಲಿ ಚಿಲಿ ದೇಶದ ಎತ್ತರದ ಗಣಿಯೊಂದರಲ್ಲಿ ವೈದ್ಯನಾಗಿದ್ದ ಥಾಮಸ್ ರೇವನ್‌ಹಿಲ್ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದು, ತಲೆನೋವು ವಾಕರಿಕೆಗಳ ಸಾಮಾನ್ಯ ಬಗೆ. ಎರಡನೆಯದು ಎದೆಯನ್ನು ಹಿಡಿಯುವ ಬಗೆ. ಮೂರನೆಯದು ನರಗಳನ್ನು, ಅಂದರೆ ಮಿದುಳನ್ನು, ಹಿಡಿಯುವ ಬಗೆ. ಗಣಿಗೆ ಬರುತ್ತಿದ್ದವರು ರೈಲಿನಲ್ಲಿ ಕುಳಿತೇ ಬರುತ್ತಿದ್ದುದರಿಂದ ಇದು ನಡೆದ ದಣಿವಿನ ಫಲವಲ್ಲ ಎಂಬುದೂ ಸ್ಪಷ್ಟವಾಯಿತು. ಆದರೆ ಅವನ ಬರಹ ಸುಮಾರು ಅರ್ಧ ಶತಮಾನ ಯಾರ ಗಮನಕ್ಕೂ ಬಾರದೆ ಉಳಿಯಿತು.

ಅದರ ಅರಿವು ಬೇಕಾಗಿದ್ದ ದೇಶಗಳಲ್ಲಿ ನಮ್ಮದೂ ಒಂದು. 1948ರ ನವೆಂಬರ್ 1ರಂದು ಕೊಡಗಿನವರಾದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿ ತೆರೆದರು. ಆ ಹೆಸರಿನಲ್ಲೂ ಅದೇ 'ಲಾ' ಇರುವುದನ್ನು ಗಮನಿಸಿ. ಆದರೆ 1962ರಲ್ಲಿ ಚೀನಾದೊಡನೆ ಯುದ್ಧ ಬಂದಾಗ ಬಯಲು ಸೀಮೆಯ ದಳಗಳನ್ನು ಹೊಂದಿಕೆಗೆ ಸಮಯ ಕೊಡದೆ ಎತ್ತರಕ್ಕೆ ಕಳುಹಿಸಬೇಕಾಯಿತು. ಚಳಿಗೆ ತಕ್ಕ ಬಟ್ಟೆಯೂ ಅನೇಕರಿಗಿರಲಿಲ್ಲ. ಗುಂಡು ಹಾರುವ ಮೊದಲೇ ಎತ್ತರದ ಬೇನೆ ಹಲವರನ್ನು ಬಲಿ ತೆಗೆದುಕೊಂಡಿತು. ಪೂರ್ವ ವಲಯದ ಸೇನಾ ನಾಯಕ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರೇ ಯುದ್ಧ ಆರಂಭವಾಗುವ ಕೆಲವೇ ದಿನ ಮೊದಲು ಉಸಿರಾಟದ ತೊಂದರೆಯಿಂದ ಅಸ್ವಸ್ಥರಾಗಿ ದೆಹಲಿಗೆ ಮರಳಬೇಕಾಯಿತು.

ಈ ಕಹಿ ಅನುಭವದಿಂದ ವಿಜ್ಞಾನ ಹುಟ್ಟಿತು. ಇಂದರ್ ಸಿಂಗ್ ಮತ್ತು ಅವರ ಸಂಗಡಿಗರಾದ ಭಾರತೀಯ ವೈದ್ಯರು ಸುಮಾರು 3,350ರಿಂದ 5,500 ಮೀಟರ್ ಎತ್ತರದಲ್ಲಿ 1,925 ಸೈನಿಕರ ಬೇನೆಯನ್ನು ಅಧ್ಯಯನ ಮಾಡಿ 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತೀವ್ರ ಬೇನೆಯಲ್ಲಿ ಮಿದುಳು ಊದಿಕೊಳ್ಳುತ್ತದೆಂಬುದನ್ನು ಅವರು ತೋರಿಸಿದರು. ಇಂದಿಗೂ ಜಗತ್ತಿನ ತಜ್ಞರು ಉಲ್ಲೇಖಿಸುವ ಕೆಲಸ ಅದು.

ಊತ ಏಕೆ? ಆಮ್ಲಜನಕ ಸಾಲದಾದಾಗ ಹೆಚ್ಚು ರಕ್ತ ಹರಿಯಲೆಂದು ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ತೀವ್ರ ಸ್ಥಿತಿಯಲ್ಲಿ ಅವುಗಳ ಗೋಡೆಯಿಂದ ನೀರಿನಂಶ ಹೊರಗೆ ಜಿನುಗುತ್ತದೆ. ಬೇರೆ ಅಂಗವಾದರೆ ಊದಿಕೊಳ್ಳಲು ಜಾಗವುಂಟು. ಮಿದುಳು ಇರುವುದು ತಲೆಬುರುಡೆಯೆಂಬ ಗಟ್ಟಿ ಪೆಟ್ಟಿಗೆಯೊಳಗೆ. ಒತ್ತಡ ಏರಿದಂತೆ ನಡಿಗೆ ತೂರಾಡುತ್ತದೆ, ಮಾತು ತಡವರಿಸುತ್ತದೆ, ಮಂಪರು ಕವಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಸಾವು. 1998ರಲ್ಲಿ ಅಮೆರಿಕದ ವೈದ್ಯ ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು ಎಂ.ಆರ್.ಐ. ಚಿತ್ರಗಳಲ್ಲಿ ಈ ಜಿನುಗನ್ನು ಕಂಡು ಪ್ರಕಟಿಸಿದರು. ಸಕಾಲದಲ್ಲಿ ಇಳಿಸಿ ಚಿಕಿತ್ಸೆ ಕೊಟ್ಟರೆ ರೋಗಿ ಚೇತರಿಸಿಕೊಳ್ಳಬಲ್ಲ ಎಂಬುದೂ ತಿಳಿಯಿತು.

1984ರಿಂದ ನಮ್ಮ ಸೈನಿಕರು ಸಿಯಾಚಿನ್ ಹಿಮನದಿಯ ಮೇಲೆ ಕಾವಲಿದ್ದಾರೆ. ಅಲ್ಲಿ ಶತ್ರುವಿನ ಗುಂಡಿಗಿಂತ ಹವೆಗೆ, ಹಿಮಕ್ಕೆ, ಎತ್ತರಕ್ಕೆ ಬಲಿಯಾದವರೇ ಹೆಚ್ಚು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ನಾಡು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದು, ಆರು ದಿನ ಅದರಡಿ ಜೀವ ಹಿಡಿದಿದ್ದ ಅವರು ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರನ್ನು ಹಿಮಪಾತ ಕೊಂದಿತು, ನಿಜ. ಆದರೆ ಸಮುದ್ರ ದಂಡೆಯ ಅರ್ಧಕ್ಕೂ ಕಡಿಮೆ ಒತ್ತಡದ ಗಾಳಿಯಲ್ಲಿ ನಮ್ಮ ನೆರೆಜಿಲ್ಲೆಯ ಹುಡುಗನೊಬ್ಬ ದೇಶಕ್ಕಾಗಿ ಉಸಿರಾಡುತ್ತಿದ್ದ ಎಂಬುದನ್ನು ನಾವು ನೆನೆಯಬೇಕು.

ರಕ್ತದಲ್ಲಿ ಉಳಿದ ಚರಿತ್ರೆ

ಈಗ ಮತ್ತೆ ಮುಂಡಗೋಡಕ್ಕೆ ಬರೋಣ. ಲಾಸಾದ ಜನ ಆ ಎತ್ತರದಲ್ಲಿ ಬದುಕಿದ್ದಾದರೂ ಹೇಗೆ? ಸಾಮಾನ್ಯವಾಗಿ ಎತ್ತರಕ್ಕೆ ಹೋದ ದೇಹ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಅದು ಅತಿಯಾದರೆ ರಕ್ತ ಮಂದವಾಗಿ ತಲೆನೋವು, ಮಂಕುತನ ಬರುತ್ತವೆ. ಪೆರುವಿನ ವೈದ್ಯ ಕಾರ್ಲೋಸ್ ಮೊಂಖೆ 1925ರಲ್ಲೇ ಈ ದೀರ್ಘಕಾಲದ ಬೇನೆಯನ್ನು ವರ್ಣಿಸಿದ್ದ. ಟಿಬೆಟನ್ನರಲ್ಲಿ ಹೆಚ್ಚಿನವರ ರಕ್ತ ಹಾಗೆ ಮಂದವಾಗುವುದಿಲ್ಲ.

ಕಾರಣ ಗೊತ್ತಾದದ್ದು 2010ರಲ್ಲಿ. ಇಪಿಎಎಸ್1 ಎಂಬ ವಂಶವಾಹಿಯ ಒಂದು ವಿಶೇಷ ರೂಪ ಟಿಬೆಟನ್ನರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಕಂಡುಬಂತು. ಹತ್ತಿರದ ಸಂಬಂಧಿಗಳಾದ ಹಾನ್ ಚೀನೀಯರಲ್ಲಿ ಅದು ಹತ್ತರಲ್ಲಿ ಒಂದರಷ್ಟು ಮಾತ್ರ. 2014ರಲ್ಲಿ ಇನ್ನೊಂದು ಬೆರಗು ಹೊರಬಿತ್ತು. ಆ ರೂಪ ಬಂದದ್ದು ಡೆನಿಸೋವನ್ ಎಂಬ, ಈಗ ಅಳಿದುಹೋಗಿರುವ ಪ್ರಾಚೀನ ಮಾನವ ಕುಲದಿಂದ! ಮುಂಡಗೋಡದಲ್ಲಿ ಹುಟ್ಟಿ, ಎತ್ತರದ ನಾಡನ್ನು ಕಣ್ಣಾರೆ ಕಾಣದೆ, ನಮ್ಮೊಡನೆ ಕನ್ನಡ ಮಾತಾಡುವ ತರುಣ ತರುಣಿಯರ ಮೈಯಲ್ಲೂ ಈ ಬಳುವಳಿ ಇರಬಲ್ಲದು. ಪೂರ್ವಜರು ಏರಿದ ಎತ್ತರದ ನೆನಪು ರಕ್ತದಲ್ಲಿ ಉಳಿದಿದೆ ಎನ್ನೋಣ. ಹಾಗೆಂದು ಅದು ಪೂರ್ಣ ರಕ್ಷೆಯಲ್ಲ. ಅವರೂ ತೀರ ಅವಸರದಲ್ಲಿ ಮೇಲೇರಿದರೆ ಬೇನೆ ಬರಬಹುದು.

ನೀವು ಏರುವಾಗ

ಇದೆಲ್ಲ ನಿಮಗೇಕೆ? ನಿಮ್ಮಲ್ಲಿ ಕೆಲವರು ನಾಳೆ ಸೈನ್ಯ ಸೇರುವಿರಿ. ಕೆಲವರು ಲೇಹ್ ನೋಡಲು, ಹಿಮಾಲಯದ ಚಾರಣಕ್ಕೆ ಹೋಗುವಿರಿ. ಮನೆಯ ಹಿರಿಯರು ಅಮರನಾಥಕ್ಕೋ ಕೈಲಾಸ ಮಾನಸ ಸರೋವರಕ್ಕೋ ಹೊರಟಾರು. ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಲ್ಲಿಯ ಗಟ್ಟಿಮುಟ್ಟಾದ ಪೈಲ್ವಾನನೊಬ್ಬ ವಿಮಾನದಲ್ಲಿ ಲೇಹ್‌ಗೆ ಹೋಗಿ ಇಳಿದರೆ ಅವನಿಗೇನೂ ಆಗದೆಂದು ನೀವು ಭಾವಿಸಬಹುದು. ಅದು ತಪ್ಪು. ಮೈಕಟ್ಟು, ಕಸರತ್ತು ಈ ಬೇನೆಯಿಂದ ಕಾಪಾಡುವುದಿಲ್ಲ. ಶಕ್ತಿವಂತ ಬೇಗ ಬೇಗ ಏರಿಬಿಡುವುದರಿಂದ ಅವನಿಗೆ ಅಪಾಯ ಹೆಚ್ಚಾಗಲೂಬಹುದು. ತಲೆನೋವನ್ನು ಹೇಳಿಕೊಳ್ಳುವುದು ಹೇಡಿತನವೆಂದು ಸುಮ್ಮನಿದ್ದವರು ಪ್ರಾಣ ಕಳೆದುಕೊಂಡದ್ದುಂಟು.

ನಿಯಮಗಳು ಸರಳ. ವಿಮಾನದಲ್ಲಿ ಎತ್ತರಕ್ಕೆ ಹೋದರೆ ಮೊದಲ ಎರಡು ದಿನ ವಿಶ್ರಾಂತಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ತಲೆನೋವು, ವಾಕರಿಕೆ ಇದ್ದರೆ ವಾಸಿಯಾಗುವವರೆಗೆ ಒಂದು ಹೆಜ್ಜೆಯೂ ಮೇಲಕ್ಕಿಲ್ಲ. ಔಷಧಗಳೂ ಇವೆ, ಅವನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಜತೆಗಾರನ ಮೇಲೆ ಅನುಮಾನ ಬಂದರೆ ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅದರ ಮೇಲೆ ನಡೆಯಲು ಹೇಳಿ. ತೂರಾಡಿದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಕೆಳಗಿಳಿಸಿ, ಒಬ್ಬನನ್ನೇ ಕಳುಹಿಸಬೇಡಿ. ಆಮ್ಲಜನಕವಿದ್ದರೆ ಕೊಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 'ನನಗೇನೂ ಆಗಿಲ್ಲ, ಮುಂದೆ ಹೋಗೋಣ' ಎಂದು ಅವನು ಹೇಳಿದರೂ ನಂಬಬೇಡಿ. ಆ ಮಾತನ್ನು ಆಡುತ್ತಿರುವುದು ಆಮ್ಲಜನಕವಿಲ್ಲದೆ ಬಳಲುತ್ತಿರುವ ಮಿದುಳು. ನಿಮ್ಮ ಗೆಳೆಯರು ಅದೇ ಮಾತನ್ನು ನಿಮಗೆ ಹೇಳಿದರೆ, ನಿಮಗೆ ಎಷ್ಟೇ ಸಿಟ್ಟು ಬಂದರೂ, ಅವರ ಮಾತು ಕೇಳಿ ಇಳಿಯಿರಿ. ಜೆನಿತ್ ಬಲೂನಿನಲ್ಲಿ ಮೂವರಿಗೂ ಒಮ್ಮೆಗೇ ಮಂಕು ಕವಿದಿತ್ತು. ಹೇಳುವವರು ಯಾರೂ ಇರಲಿಲ್ಲ.

ಕಣಿವೆಯಲ್ಲಿ ವಿಷವಿಲ್ಲವೆಂದು ಇಂದು ನಮಗೆ ಗೊತ್ತು. ಅವಸರವೊಂದೇ ಅಲ್ಲಿಯ ವಿಷ. ಮುಂದಿನ ಸಲ ಅಣಶಿ ಘಟ್ಟದಲ್ಲಿ ಕಿವಿ ಮುಚ್ಚಿಕೊಂಡಾಗ ಈ ಮಾತು ನೆನಪಾಗಲಿ. ಬೆಟ್ಟ ಅಲ್ಲೇ ಇರುತ್ತದೆ. ನಾಳೆ ಮತ್ತೆ ಏರಬಹುದು.